ಒರೆಸ್ಟ್ ಗೋಡೆಗೆ ಒತ್ತಿದ ಹಿಮ

ಜನವರಿ ಆರು, ಬೆಳಿಗ್ಗೆ ಏಳು ಇಪ್ಪತ್ತು. ಮ್ಯಾನಿಟೋಬಾದ ಡಾಫಿನ್ ಪಟ್ಟಣದಲ್ಲಿ ಒರೆಸ್ಟ್, ಲೆಸ್ಯಾ ದಂಪತಿಯ ಮನೆಯೊಳಗೆ ಹನ್ನೊಂದು ಡಿಗ್ರಿ. ಹೊರಗೆ ಮೈನಸ್ ಮೂವತ್ತನಾಲ್ಕು. ಫರ್ನೇಸ್ ನಿಂತಿದೆ.

ಹೀಗೆ ಶುರುಮಾಡಬಹುದೇ? ಇಷ್ಟು ಅಂಕಿ ಕಂಡರೆ ನೀವು ಹವಾಮಾನ ವರದಿ ಎಂದು ಪುಟ ತಿರುಗಿಸುತ್ತೀರಿ.

೧. (ಕೈಬಿಟ್ಟ ಕರಡು) "ಮನೆಯ ಎದೆಬಡಿತ ನಿಂತಂತೆ…" ಬೇಡ. ಫರ್ನೇಸ್ ಎಂದರೆ ನೆಲಮಾಳಿಗೆಯ ತಗಡಿನ ಪೆಟ್ಟಿಗೆ. ಗ್ಯಾಸ್ ಉರಿಸಿ ಬಿಸಿಗಾಳಿ ಊದುತ್ತದೆ. ಎದೆ ಅದಕ್ಕಿಲ್ಲ.

೨. ಸಂಜೆ ಐದಕ್ಕೆ, ಅವರ ಹಳೇ ಪಂಚಾಂಗದ ಪ್ರಕಾರ, ಕ್ರಿಸ್‌ಮಸ್ ಮುನ್ನಾದಿನದ ಊಟ. ಹನ್ನೆರಡು ಬಗೆ ಅಡುಗೆ, ಒಂಬತ್ತು ಜನ ನೆಂಟರು, ವಾಡಿಕೆಯಂತೆ ಕರೆಯದೆ ಬಂದವರಿಗೊಂದು ಖಾಲಿ ಕುರ್ಚಿ. ಮನೆ ಬೆಚ್ಚಗಾಗದಿದ್ದರೆ ಊಟ ಲೆಸ್ಯಾಳ ತಂಗಿಯ ಮನೆಗೆ ಹೋಗುತ್ತದೆ. ಮೂವತ್ತೊಂದು ವರ್ಷದಲ್ಲಿ ಹಾಗಾಗಿಲ್ಲ.

"ಹಳೇ ಫರ್ನೇಸು ಒಂದಿನಾನೂ ನಿಂತಿರ್ಲಿಲ್ಲ," ಎಂದ ಒರೆಸ್ಟ್.

"ನೂರು ಪಾಲು ಗ್ಯಾಸಲ್ಲಿ ನಲವತ್ತು ಪಾಲು ಚಿಮಣಿಗೆ ಕೊಡ್ತಿತ್ತು ನಿನ್ ಹಳೇದು. ಕಾಗೆಗಳು ಬೆಚ್ಚಗಿದ್ವು," ಎಂದಳು ಲೆಸ್ಯಾ, ಕೋಟು ತೊಟ್ಟೇ ಹಿಟ್ಟು ನಾದುತ್ತ.

"ಹೊಸದು ನಾಲ್ಕೇ ಪಾಲು ಕಳೀತದಂತೆ. ಈಗ ಅದೂ ಇಲ್ಲ, ಪೂರ್ತಿ ಉಳಿತಾಯ!"

೩. ಮೆಕ್ಯಾನಿಕ್ ಗಾರ್ನೆಟ್ ಬಂದ. ಫಿಲ್ಟರ್ ಚೊಕ್ಕಟವಾಗಿತ್ತು, ಥರ್ಮೋಸ್ಟಾಟ್ ಸರಿಯಿತ್ತು. ಆಮೇಲೆ ಹೊರಗೆ ಹೋಗಿ ಮನೆಗೊಂದು ಸುತ್ತು ಹಾಕಿದ.

"ಯಜಮಾನ್ರೇ, ಗೋಡೆಗೆ ಹಿಮ ಒತ್ತಿದ್ಯಾರು?"

(ಇಲ್ಲಿ ಒರೆಸ್ಟ್, ಅವರ ಅಡುಗೆಮನೆಯಲ್ಲೇ ಕೂತು ಇದನ್ನು ಬರೆಯುತ್ತಿದ್ದ ನನ್ನನ್ನು ತಡೆದ. "ಗಾಳಿ ಒತ್ತಿತು ಅಂತ ಬರಿ."
"ಗಾಳಿ ಸಲಿಕೆ ಹಿಡಿಯಲ್ಲ, ಒರೆಸ್ಟ್."
"ನಮ್ಮಜ್ಜ ಒತ್ತುತಿದ್ದ, ನಮ್ಮಪ್ಪ ಒತ್ತುತಿದ್ದ. ಸೊಂಟದೆತ್ತರ ಹಿಮ ಇದ್ರೆ ಒಳಗೆ ಚಳಿ ನುಗ್ಗಲ್ಲ."
ಅದು ನಿಜ. ಅದನ್ನೂ ಬರೆದಿದ್ದೇನೆ.)

ಅಜ್ಜನ ಮನೆಯ ಹೊಗೆ ಚಿಮಣಿಯಲ್ಲಿ ಹೋಗುತ್ತಿತ್ತು. ಹೊಸ ಫರ್ನೇಸಿನ ಹೊಗೆಯಲ್ಲಿ ಶಾಖವೇ ಹೆಚ್ಚು ಉಳಿಯುವುದಿಲ್ಲ. ಚಿಮಣಿ ಏರಲಾರದೆ ಅದು ಮೊಣಕಾಲೆತ್ತರದಲ್ಲಿ, ಗೋಡೆ ತೂರಿದ ಪ್ಲಾಸ್ಟಿಕ್ ಕೊಳವೆಯಿಂದ ಹೊರಡುತ್ತದೆ. ಕೊಳವೆ ಕಟ್ಟಿಕೊಂಡರೆ ಒಂದು ಸ್ವಿಚ್ ಬೆಂಕಿ ಹೊತ್ತಲು ಬಿಡುವುದಿಲ್ಲ. ಯಂತ್ರ ಕೆಟ್ಟಿರಲಿಲ್ಲ; ಒತ್ತಿದ ಹಿಮ ಕೊಳವೆಯ ಬಾಯಿ ಮುಚ್ಚಿತ್ತು.

೪. ಮುಕ್ತಾಯ ಒಂದು: ಒರೆಸ್ಟ್ ತಪ್ಪೊಪ್ಪಿಕೊಂಡ. (ಲೆಸ್ಯಾ: "ಕಥೆ ಅಂದ್ರೂ ಒಂದು ಮಿತಿ ಬೇಡ್ವಾ?") ಮುಕ್ತಾಯ ಎರಡು: ಊಟ ತಂಗಿಯ ಮನೆಗೆ ಹೋಯಿತು. (ಇದನ್ನು ಆಕೆ ಹಿಟ್ಟಿನ ಕೈಯಲ್ಲೇ ಹೊಡೆದುಹಾಕಿದಳು.) ಮೂರನೆಯದಕ್ಕೆ ಕೂತಾಗ, ತನ್ನ ಗೋಡೆಯ ಹಿಮ ತೆಗೆದು ಮುಗಿಸಿದ ಒರೆಸ್ಟ್ ಸಲಿಕೆ ಹೊತ್ತು ಬೀದಿ ದಾಟುತ್ತಿದ್ದ.

"ಎಲ್ಲಿಗೆ?" ಎಂದೆ.

"ಎದುರುಮನೆ ಮಿಸೆಸ್ ಪಾಲ್ಸನ್ ಹತ್ರ. ಅವರದೂ ಹೊಸ ಫರ್ನೇಸು. ಪಾಪ, ಒಂಟಿ ಹೆಂಗಸು ಅಂತ ನಿನ್ನೆ ಅವರ ಗೋಡೆಗೂ…"

ಹೀಗಾಗಿ ಮುಕ್ತಾಯ ಬರೆಯುತ್ತಿಲ್ಲ. ಸಂಜೆ ಐದಕ್ಕೆ ಒರೆಸ್ಟ್ ಮನೆಯೊಳಗೆ ಇಪ್ಪತ್ತು ಡಿಗ್ರಿ ಇತ್ತು. ಖಾಲಿ ಕುರ್ಚಿಯಲ್ಲಿ ಮಿಸೆಸ್ ಪಾಲ್ಸನ್ ಕೂತಿದ್ದರು. ಕೋಟು ಬಿಚ್ಚಿರಲಿಲ್ಲ.