ಕೆಂಪಾದ ಶುಂಠಿ ನೀರು

ಬೆಳಿಗ್ಗೆ ಹತ್ತೂವರೆ. ಬಟ್ಟಲಿನ ನೀರು ಕೆಂಪಾಯಿತು. ಬಿಸಿನೀರಿಗೆ ಅಡುಗೆ ಸೋಡಾ, ಅದರ ಮೇಲೆ ಗಂಡ ಮಾರುವ ಪ್ಯಾಕೆಟ್ಟಿನ ಶುಂಠಿ ಪುಡಿ ಎರಡು ಚಮಚ, ಹಾಕಿದ್ದು ಇಷ್ಟೇ, ಬೆಲ್ಲ ಇನ್ನೂ ಮುಟ್ಟಿಲ್ಲ, ಚಕ್ಕೆ ಲವಂಗ ಡಬ್ಬಿಯಲ್ಲೇ ಇವೆ — ಶುಂಠಿ ಹಾಕಿದರೆ ನೀರು ಮಾಸಲು ಮಣ್ಣಿನ ಬಣ್ಣಕ್ಕೆ ತಿರುಗಬೇಕು, ಕೆಂಪಾಗುವುದಿಲ್ಲ, ಶಿವರಂಜನಿ ಚಮಚ ಮೂಸಿದಳು, ಶುಂಠಿಯದೇ ಘಾಟು, ಅದರಡಿಯಲ್ಲಿ ಇನ್ನೊಂದು ವಾಸನೆ, ಈ ಮನೆಯ ಗೋಡೆ, ಗೋಣಿಚೀಲ, ಗಂಡನ ಅಂಗಿಯ ಕಾಲರಿಗೆಲ್ಲ ಹತ್ತಿಕೊಂಡಿರುವ ವಾಸನೆ, ಅದಕ್ಕೇ ಮೂಗಿಗೆ ಮೊದಲು ತಿಳಿಯಲಿಲ್ಲ. ಒಲೆಯ ಪಕ್ಕ ಮೊದಲನೇ ಕೇಕ್ ಆರುತ್ತಿದೆ, ಕೇಕ್ ಮಾಡಿ ಮಾರುವ ತಂಗಿ ಕಾವ್ಯಶ್ರೀ ಹೇಳಿದ ಅಳತೆಯದು, ಹಸಿಶುಂಠಿ ತುರಿದು ಮೊಸರಲ್ಲಿ ಕಲಸಿದ್ದು, ಚೆನ್ನಾಗಿ ಉಬ್ಬಿದೆ, ಖಾರ ಮಾತ್ರ ಸಾಲದು. ಎರಡನೆಯದು ಇವಳದೇ, ಒಣಶುಂಠಿಯದು, ನುಂಗಿದ ಮೇಲೆ ಗಂಟಲಲ್ಲಿ ಖಾರ ಏಳುವಂಥದು, ಎರಡೂ ಮಾಡಿ ತಿಂದ್ ನೋಡಕ್ಕ, ನಿಂದು ಗೆದ್ರೆ ಗುಂಡ್ಲುಪೇಟೇಲಿ ನನ್ ಕೇಕ್‌ಗೆಲ್ಲ ಬಾವನ ಶುಂಠಿ ಪುಡೀನೇ, ಪ್ಯಾಕೆಟ್ ಮೇಲೆ ನಿನ್ ಫೋಟೊ ಅದೆಯಲ್ಲಾ, ಅದ್ನೇ ನನ್ ಡಬ್ಬದ ಮೇಲೂ ಅಂಟಿಸ್ತೀನಿ, ಹಾಗೆಂದು ತಂಗಿ ನಕ್ಕಿದ್ದಳು, ನಿನ್ನೆ ತಾನೇ.

ಯಾರಿಗಮ್ಮಿ ಆರತಿ ಎತ್ತಕೆ ಕಲಸ್ಕಂಡು ನಿಂತಿದ್ದೀಯೆ, ಬಾಗಿಲಲ್ಲಿ ಅತ್ತೆ ದೊಡ್ಡಮಲ್ಲಮ್ಮ, ಬಟ್ಟಲು ನೋಡಿ ನಗುತ್ತಿದ್ದಾರೆ. ಆರತಿ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪು, ಸೋಡಾ ಬಿದ್ದರೂ ಕೆಂಪೇ, ಮದುವೆಯಾಗಿ ಬಂದ ದಿನ ತೆರಕಣಾಂಬಿಯ ಈ ಹೊಸಿಲಲ್ಲಿ ಇದೇ ಅತ್ತೆ ಕಲಸಿದ ತಟ್ಟೆ, ಪಕ್ಕದಲ್ಲಿ ಗಂಡ ಸೋಮಶೇಖರ್, ಹೊಸ ಪಂಚೆ, ತಟ್ಟೆಯ ನೀರಲ್ಲಿ ಇಬ್ಬರ ಮುಖವೂ ಕೆಂಪಾಗಿ ಅಲುಗಿತ್ತು — ಅರಿಶಿನ, ಶುಂಠಿಯಲ್ಲಿ ಅರಿಶಿನ. ಇಲ್ಲ, ಚಮಚಕ್ಕೆ ಮೆತ್ತಿರಬಹುದು, ಬಟ್ಟಲಿಗೆ ಮೆತ್ತಿರಬಹುದು, ತೊಳೆದ ಲೋಟ ತೆಗೆದಳು, ಬೇರೆ ಚಮಚ, ಒಡೆಯದ ಪ್ಯಾಕೆಟ್, ಕೆಂಪು. ಇನ್ನೊಂದು ಪ್ಯಾಕೆಟ್, ಅದೂ ಕೆಂಪು. ಅತ್ತೆ ಒರಳಲ್ಲಿ ಕುಟ್ಟಿಟ್ಟಿದ್ದ ಶುಂಠಿ, ಮಣ್ಣುನೀರು. ಅತ್ತೆಯ ನಗು ನಿಂತಿದೆ. ಪಕ್ಕದ್ಮನೆ ಪುಟ್ಟಸಿದ್ದಮ್ಮನ ಸೊಸೆಗೂ ಇದ್ನೇ ಅಲ್ವೇನಮ್ಮಿ ಕೊಟ್ಟುದ್ದು, ಹಸಿ ಬಾಣಂತಿ ಕಣಮ್ಮಿ ಅದು.

ಗಂಡನಿಗೆ ಫೋನು ಮಾಡಿ ಹೇಳಿದಳು, ಚಾಮರಾಜನಗರದ ಅರಿಶಿನ ಮಂಡಿ, ಹಮಾಲರ ಕೂಗಿನ ನಡುವೆ ಅವನ ದನಿ, ಗಿರಣೀಲಿ ಮೊದ್ಲು ಅರಿಶಿನ ಬೀಸಿದ್ರು ಕಣೆ, ಧೂಳು ಸೇರ್ಕಂಡಿರ್ತದೆ. ಮೂರು ಪ್ಯಾಕೆಟ್ಟಲ್ಲೂ ಏನ್ರೀ? ಅವನ ದನಿ ತಗ್ಗಿತು, ಅರಿಶಿನ ತಿಂದು ಯಾರ್ ಸತ್ತವ್ರೆ ಹೇಳು, ಹೋದ್ವರ್ಷದ ಅರಿಶಿನದ ಪುಡಿ ಉಳ್ಕಂಡಿತ್ತು, ಬಿಸಾಕಕ್ಕಾಯ್ತದಾ, ನೀನು ಸೋಡಾ ಕಮ್ಮಿ ಹಾಕ್ಬುಡು, ಗೊತ್ತಾಗಕ್ಕಿಲ್ಲ.

ಗೊತ್ತಾಗಕ್ಕಿಲ್ಲ. ಹಾಗಾದರೆ ಅವನು ನೋಡಿದ್ದಾನೆ, ಕಲಸಿ ನೋಡಿದ್ದಾನೆ, ಎಲ್ಲಿಯವರೆಗೆ ಕಾಣುವುದಿಲ್ಲ ಎಂದು ಅಳೆದಿದ್ದಾನೆ, ಫೋಟೊ ತೆಗೆಸುವಾಗ ಸೆರಗು ಸರಿಮಾಡಿಕೊ ಎಂದವನೂ ಅವನೇ, ಒಂದ್ ಚೂರೂ ಬೆರಕೆ ಇಲ್ಲ ಎಂದು ಪುಟ್ಟಸಿದ್ದಮ್ಮನ ಕೈಗೆ ಕೊಟ್ಟವಳು ಇವಳು, ತುಪ್ಪದಲ್ಲಿ ಉಂಡೆ ಕಟ್ಟುವುದನ್ನು ಹೇಳಿಕೊಟ್ಟವಳೂ ಇವಳೇ, ಆ ಹುಡುಗಿ ಬೆಳಿಗ್ಗೆ ಬೆಳಿಗ್ಗೆ ಕಣ್ಣು ಮುಚ್ಚಿ ನುಂಗುತ್ತಾಳೆ — ಕೆಂಪು — ಫೋನು ಬಡಿದುಕೊಂಡಿತು, ವಿಡಿಯೊ, ಕಾವ್ಯಶ್ರೀ, ಕೆನ್ನೆಗೆಲ್ಲ ಮೈದಾಹಿಟ್ಟು, ಯಾರ್ದಕ್ಕಾ ಗೆದ್ದುದ್ದು, ನಂದೋ ನಿಂದೋ, ಜಲ್ದಿ ಹೇಳು, ಬಾವಂಗೆ ಆರ್ಡರ್ ಕೊಡಬೇಕು. ನಿಂದೇ ಎಂದರೆ ಸಾಕು, ಹಸಿಶುಂಠಿ ತಂದುಕೊಳ್ಳುತ್ತಾಳೆ, ಬಾವ ಬಾವನಾಗಿಯೇ ಇರುತ್ತಾನೆ, ಯಾರೂ ಏನೂ ಕೇಳುವುದಿಲ್ಲ, ಪ್ಯಾಕೆಟ್ಟು ಅಂಗಡಿಯಲ್ಲಿ, ಮೇಲೆ ಇವಳ ಮುಖ, ಒಳಗೆ, ಕೆಂಪು, ಬಟ್ಟಲ ಅಂಚಿನವರೆಗೂ ಕೆಂಪು, ಅಕ್ಕಾ, ಕೇಳುಸ್ತಾ ಅದಾ, ಕೆಂಪು —

ಶಿವರಂಜನಿ ಫೋನನ್ನು ಬಟ್ಟಲಿನ ಕಡೆಗೆ ತಿರುಗಿಸಿ ಹಿಡಿದಳು.