ಹೆಬ್ಬೆರಳಿನ ಲೆಕ್ಕ

"ಕೈ ನಿಲ್ತಾನೇ ಇಲ್ಲ ಕಣಕ್ಕಾ, ಜಾರ್ಕೊಳ್ತದೆ" ಎಂದು ನೆರೆಮನೆಯ ನರಸಮ್ಮ ಪಿಳ್ಳಣ್ಣನ ಎರಡು ಕೈಗಳನ್ನು ಜೋಡಿಸಿ ಮತ್ತೊಮ್ಮೆ ದಾರ ಸುತ್ತಿದಳು. ಬಲಗೈಯಲ್ಲಿ ಎರಡು ಬೆರಳಿಲ್ಲದೆ ನಮಸ್ಕಾರ ಕೂಡುತ್ತಿರಲಿಲ್ಲ.

"ಬಿಡೇ, ಬದುಕಿದ್ದಾಗ ಯಾರಿಗೆ ನೆಟ್ಟಗೆ ಕೈ ಮುಗ್ದಿದ್ರು?" ಎಂದಳು ಅವನ ಹೆಂಡತಿ ಬೈರಮ್ಮ. ಅಳುತ್ತಿದ್ದ ಹೆಂಗಸರಿಗೂ ನಗು ತಡೆಯಲಾಗಲಿಲ್ಲ.

ಹಿಂದಿನ ಸಂಜೆ ಪಿಳ್ಳಣ್ಣ ಡೈರಿಗೆ ಹಾಲು ಹಾಕಿ ಬಂದು ಜಗಲಿಯ ಮೇಲೆ ಕೂತವನು ಕೂತ ಹಾಗೆಯೇ ಹೋಗಿಬಿಟ್ಟಿದ್ದ. ಐವತ್ತನಾಲ್ಕು ಸಾಯುವ ವಯಸ್ಸೇನಲ್ಲ. ಆದರೂ ನರಳಲಿಲ್ಲ, ಹಾಸಿಗೆ ಹಿಡಿಯಲಿಲ್ಲ ಅನ್ನುವುದು ಬೈರಮ್ಮನಿಗೆ ಅಳುವಿನ ನಡುವೆಯೂ ಸಮಾಧಾನ ತಂದಿತ್ತು. ಪಿಲ್ಲಗುಂಪೆಯ ಫ್ಯಾಕ್ಟರಿಗಳಲ್ಲಿ ರಾತ್ರಿ ಪಾಳಿ ಮುಗಿಸಿದವರು ಸೈಕಲ್ಲು ಹತ್ತಿ ಬರುತ್ತಲೇ ಇದ್ದರು. ಒಬ್ಬನಿಗೆ ತೋರುಬೆರಳಿಲ್ಲ, ಇನ್ನೊಬ್ಬನಿಗೆ ಅರ್ಧ ಅಂಗೈಯೇ ಇಲ್ಲ. ಎಲ್ಲರೂ ಒಂದಲ್ಲ ಒಂದು ದಿನ ಅದೇ ಜಗಲಿಯ ಮೇಲೆ ಕೂತು, ಹೋದ ಬೆರಳಿಗೆ ಬರಬೇಕಾದ ಪರಿಹಾರದ ಲೆಕ್ಕ ಹಾಕಿಸಿಕೊಂಡು ಹೋದವರೇ.

ಹುಣಸೆಮರದ ಕೆಳಗೆ ಕಾಂತರಾಜು ನಿಂತಿದ್ದ. ಪ್ರೆಸ್ ಮೆಷಿನ್ನಿಗೆ ಬಲಗೈ ಹೆಬ್ಬೆರಳು ಕೊಟ್ಟು ಒಂದು ತಿಂಗಳಾಗಿತ್ತು. ಅವನ ಪಕ್ಕದಲ್ಲಿ ಫ್ಯಾಕ್ಟರಿಯ ರೈಟರ್ ಹನುಮಂತರಾಯಪ್ಪ. ತಂದಿದ್ದ ಹಾರ ಹಾಕಿಯಾಗಿತ್ತು, ಈಗ ಜೇಬಿನಿಂದ ಒಂದು ಕಾಗದ ತೆಗೆದು ಕಾಂತರಾಜುವಿನ ಎಡಗೈಗೆ ತುರುಕುತ್ತಿದ್ದ.

"ಬೆರಳಿಗೆ ಎಂಟು ಸಾವ್ರ ಕಣೋ, ಅಲ್ಲಿಗೆ ಲೆಕ್ಕ ಚುಕ್ತಾ. ಇವತ್ತು ಸೈನ್ ಹಾಕು, ನಾಳೆ ದುಡ್ಡು. ಓನರ್ ಮನಸ್ಸು ಬದ್ಲಾಯಿಸಿದ್ರೆ ಅದೂ ಇಲ್ಲ."

ಅದು ಬೈರಮ್ಮನ ಕಿವಿಗೆ ಬಿತ್ತು. ಭಾನುವಾರ ಬಾ, ಲೆಕ್ಕ ಹಾಕೋಣ ಎಂದು ಪಿಳ್ಳಣ್ಣ ಈ ಹುಡುಗನಿಗೆ ಮಾತು ಕೊಟ್ಟಿದ್ದ. ಭಾನುವಾರವೇನೋ ಬಂದಿತ್ತು. ಇವನು ಇವತ್ತು ಸೈನ್ ಹಾಕಿದರೆ ಒಂಬತ್ತು ವರ್ಷ ಈ ಜಗಲಿಯ ಮೇಲೆ ಗಂಡ ಆಡಿದ್ದೆಲ್ಲ ಅವನ ಜೊತೆಗೇ ಗುಂಡಿ ಸೇರುತ್ತದೆ ಅನ್ನಿಸಿ ಅವಳಿಗೆ ಸಂಕಟವಾಯಿತು.

*

ಒಂಬತ್ತು ವರ್ಷದ ಹಿಂದೆ, ಎಂಬತ್ತೈದನೇ ಇಸವಿಯಲ್ಲಿ, ಪಿಳ್ಳಣ್ಣನ ಬೆರಳು ಹೋದಾಗ ಆಸ್ಪತ್ರೆಯಲ್ಲಿ ವಯಸ್ಸು ಕೇಳಿದ್ದರು. ಅವನಿಗೆ ನಲವತ್ತೈದು. ವಯಸ್ಸಾದವನು ಅಂದರೆ ಕನಿಕರಪಟ್ಟು ನಾಲ್ಕು ಕಾಸು ಜಾಸ್ತಿ ಕೊಟ್ಟಾರು ಎಂದು "ಐವತ್ತೈದು ಸ್ವಾಮಿ" ಅಂದುಬಿಟ್ಟ. ಅದೇ ಕಾಗದಕ್ಕೆ ಏರಿತು.

ಬೆಂಗಳೂರಿನ ಲೇಬರ್ ಆಫೀಸಿನ ಗುಮಾಸ್ತರು ಅದನ್ನು ನೋಡಿ ಹಣೆ ಚಚ್ಚಿಕೊಂಡರು. "ಎಂಥ ಕೆಲ್ಸ ಮಾಡ್ಕೊಂಡ್ಯಪ್ಪಾ! ಎಳೇ ವಯಸ್ಸಿನೋನು ಇನ್ನೂ ಬಾಳ ವರ್ಷ ದುಡೀಬೇಕು ಅಂತ ಅವನಿಗೆ ದೊಡ್ಡ ಅಂಕಿ ಇಟ್ಟಿದಾರೆ. ವಯಸ್ಸು ಏರ್ತಾ ಏರ್ತಾ ಅಂಕಿ ಇಳೀತದೆ."

ಒಂದು ಸುಳ್ಳಿಗೆ ಎರಡೂವರೆ ಸಾವಿರಕ್ಕೂ ಮೇಲೆ ಹೋಯಿತು. ಪಿಳ್ಳಣ್ಣ ಬಸ್ಸಿನಲ್ಲಿ ಹೊಸಕೋಟೆ ಬರುವವರೆಗೂ ತನ್ನನ್ನೇ ಬೈದುಕೊಂಡ. ಆಮೇಲೆ ನಗಲು ಶುರು ಮಾಡಿದ. ಬಂದ ದುಡ್ಡಿನಲ್ಲಿ ಎರಡು ಸೀಮೆಹಸು ಕಟ್ಟಿದ. ಯಾವ ವಯಸ್ಸಿಗೆ ಎಷ್ಟು, ಯಾವ ಬೆರಳಿಗೆ ಎಷ್ಟು ಎಂದು ಗುಮಾಸ್ತರಿಂದ ಬರೆಸಿಕೊಂಡು ಬಂದ ಅಂಕಿಗಳನ್ನು ದಿನಾ ಸಂಜೆ ಗಟ್ಟಿಯಾಗಿ ಓದಿ ಓದಿ ಬಾಯಿಪಾಠ ಮಾಡಿದ. ಒಳಗೆ ಮುದ್ದೆ ತೊಳಸುತ್ತಿದ್ದ ಬೈರಮ್ಮ ಎಷ್ಟೋ ಸಲ, "ಸಾಕು ನಿಲ್ಸಿ, ತಲೆ ಕೆಟ್ಟೋಗ್ತದೆ" ಎಂದು ಗದರಿದ್ದಳು.

*

ಚಟ್ಟ ಸಿದ್ಧವಾಗುತ್ತಿತ್ತು. ಬೈರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹುಣಸೆಮರದ ಕಡೆ ನಡೆದಳು.

"ಕಾಂತರಾಜು, ನಿನಗೆ ಎಷ್ಟಪ್ಪಾ ಸಂಬಳ?"

"ಸಾವ್ರ ದೊಡ್ಡಮ್ಮ."

"ಅದ್ರಲ್ಲಿ ಅರ್ಧ ಐನೂರು. ವಯಸ್ಸು?"

"ಮೂವತ್ತು. ಸ್ಕೂಲಿನ ಟೀಸಿ ಐತೆ. ಪಿಳ್ಳಣ್ಣನೇ ತೆಗೆಸ್ಕೊ ಅಂದಿದ್ರು."

"ಮೂವತ್ತಕ್ಕೆ ಅಂಕಿ ಇನ್ನೂರೆಂಟು. ಐನೂರನ್ನ ಇನ್ನೂರೆಂಟು ಸಲ ಹಾಕು."

ಕಾಂತರಾಜು ತುಟಿ ಆಡಿಸಿದ. "ಒಂದು ಲಕ್ಷದ ನಾಕು ಸಾವ್ರ."

"ಅದು ಇಡೀ ಆಳು ಕೆಲ್ಸಕ್ಕೇ ಬರ್ದಂಗಾದ್ರೆ. ಹೆಬ್ಬೆರಳೊಂದಕ್ಕೆ ನೂರಕ್ಕೆ ಮೂವತ್ತು."

"ಮೂವತ್ತೊಂದು ಸಾವ್ರದ ಮೇಲಾಯ್ತದೆ..." ಅವನು ಕೈಯಲ್ಲಿದ್ದ ಕಾಗದ ನೋಡಿದ.

ಸಹಿ ಹಾಕಲೂ ಬಾರದ ಹೆಂಗಸಿನ ಬಾಯಲ್ಲಿ ಕಾನೂನು ಬಂದದ್ದು ಕೇಳಿ ಹನುಮಂತರಾಯಪ್ಪ ಕಣ್ಣು ಕಣ್ಣು ಬಿಟ್ಟ. "ಅಕ್ಕಾ, ಆಫೀಸು ಅಂದ್ರೆ ಅಲೆದಾಟ. ಇವ್ನ ಹೆಂಡ್ತಿ ಬೇರೆ ತುಂಬಿದ ಬಸುರಿ" ಎಂದ.

"ಅಲೆದಾಟ ದಿಟವೇ. ಆರು ತಿಂಗ್ಳಾದ್ರೂ ಹಿಡೀತದೆ. ಅಲ್ಲೀಗಂಟ ಇವ್ನ ಮನೆಗೆ ಹಾಲು ನಮ್ದು" ಎಂದಳು ಬೈರಮ್ಮ. ಅಷ್ಟರಲ್ಲಿ ತಮಟೆ ಶುರುವಾಯಿತು. ಕಾಂತರಾಜು ಚಟ್ಟದ ಹಿಂದೆ ನಡೆದ.

ತೋಟದ ಮೂಲೆಯಲ್ಲಿ ಗುಂಡಿ ತೋಡಿದ್ದರು. ಮಗ ಮುನಿಕೃಷ್ಣ ಮೊದಲು ಮೂರು ಹಿಡಿ ಮಣ್ಣು ಹಾಕಿದ. ಆಮೇಲೆ ಬೈರಮ್ಮ, ನೆಂಟರು, ಫ್ಯಾಕ್ಟರಿಯವರು. ಮೂರು ಬೆರಳಿನವರು, ಎರಡು ಬೆರಳಿನವರು ಉಳಿದದ್ದರಲ್ಲೇ ಬಾಚಿ ಬಾಚಿ ಹಾಕಿದರು. ಕಾಂತರಾಜುವಿನ ಸರದಿ ಬಂತು. ಎಡಗೈಯಲ್ಲಿ ಇನ್ನೂ ಆ ಕಾಗದ ಇತ್ತು. ಬೈರಮ್ಮನ ಕಣ್ಣು ಅದರ ಮೇಲೇ ಇತ್ತು.

ಅವನು ಕಾಗದವನ್ನು ಹನುಮಂತರಾಯಪ್ಪನಿಗೆ ಚಾಚಿದ. "ಹಿಡ್ಕಳಿ ಸಾರ್, ಮಣ್ಣು ಹಾಕ್ಬೇಕು."

ಬ್ಯಾಂಡೇಜಿನ ಬಲಗೈಗೆ ಎಡಗೈ ಆಸರೆ ಕೊಟ್ಟು ಮೂರು ಸಲ ಮಣ್ಣು ಹಾಕಿದ. ಕೈ ಒದರಿಕೊಂಡು, ಕಾಗದದ ಕಡೆ ತಿರುಗಿಯೂ ನೋಡದೆ ಬಂದು ಬೈರಮ್ಮನ ಪಕ್ಕ ನಿಂತ.

ಹಿಂದಿದ್ದವರು ರೈಟರನ್ನು ಮುಂದಕ್ಕೆ ತಳ್ಳಿದರು. ಸೈನಿಲ್ಲದ ಕಾಗದವನ್ನು ಎಲ್ಲಿಡುವುದೆಂದು ತಿಳಿಯದೆ ಅವನು ಎರಡು ಸಲ ಅತ್ತಿತ್ತ ನೋಡಿದ. ಕೊನೆಗೆ ಕಂಕುಳಲ್ಲಿ ಸಿಕ್ಕಿಸಿಕೊಂಡು, ಪಿಳ್ಳಣ್ಣನ ಮುಂದೆ ಬಗ್ಗಿ ಮಣ್ಣು ಬಾಚಿದ.