ಅಕ್ಕ ಸಾಕಿದ ಮೊಂಡಿ

ಅಕ್ಕನಿಗೆ ತೊಡಿಸಬೇಕಾದ ಉಣ್ಣೆ ಕೋಟಿಗೆ ಗುಂಡಿ ಹೊಲಿದು, ಹಲ್ಲಿನಿಂದ ದಾರ ಕಡಿದು ತಂಗಿ ತಲೆ ಎತ್ತಿದಾಗ, ಬಾಗಿಲ ಬಳಿ ನಿಂತಿದ್ದ ಬೋಳುತಲೆಯವನು ಮತ್ತೆ ಗಡಿಯಾರ ನೋಡಿಕೊಂಡ.

ಅವನು ಅಕ್ಕನ ಪ್ರಯೋಗಾಲಯದವನು, ಒಂದು ಕಾಲದ ಶಿಷ್ಯ. ಈಗ ತಾನೂ ಮೇಷ್ಟ್ರಾಗಿದ್ದರೂ ಅಕ್ಕನ ಬಾಯಲ್ಲಿ ಕೊನೆವರೆಗೂ ಗಾಬರಿರಾಯ.

ಹಜಾರದಲ್ಲಿ ಅಕ್ಕ ಮಲಗಿದ್ದಳು. ಭಾವ ತಲೆದೆಸೆಗೆ ಕುರ್ಚಿ ಹಾಕಿಕೊಂಡು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಚಹಾ ಕೇಳಿದ್ಲು. ಮಾಡ್ಕೊಂಡು ಬರೋದ್ರೊಳಗೆ ಹೋಗ್ಬಿಟ್ಟಿದ್ಲು."

ತಂಗಿ ಎದ್ದು ಬಾಗಿಲಿಗೆ ಬಂದಳು. "ಏನಪ್ಪಾ, ಕಾಲು ಸುಟ್ಟ ಬೆಕ್ಕಿನ ಹಾಗೆ ಆಡ್ತಿದೀಯಲ್ಲ. ಏನಾಯ್ತು?"

"ಏನಿಲ್ಲಮ್ಮ."

"ಇಷ್ಟು ವರ್ಷದ ಟೈಲರ್ ನಾನು. ಅಳತೆ ತಪ್ಪಿದ್ರೆ ದೂರದಿಂದಲೇ ಗೊತ್ತಾಗುತ್ತೆ. ಹೇಳು."

ಅವನು ದನಿ ತಗ್ಗಿಸಿದ. "ಮೊಂಡಿ, ಅಮ್ಮ. ಆ ಕೋಶಗಳನ್ನ ಹೆಪ್ಪುಗಟ್ಟಿಸಿಟ್ಟಿದ್ದ ಶೀತದ ತೊಟ್ಟಿ ಕೆಟ್ಟು ದಾಸ್ತಾನೆಲ್ಲ ಹಾಳಾಯ್ತಲ್ಲ. ಉಳಿದಿದ್ದ ಒಂದೇ ಸೀಸೆಯನ್ನ ಮೇಡಂ ಹೋದ ವಾರ ಕರಗಿಸಿ ಬೆಳೆಸೋಕೆ ಇಟ್ಟಿದ್ರು. ಇವತ್ತು ದ್ರವ ಬದಲಾಯಿಸದಿದ್ರೆ ಸಾಯ್ತವೆ. ಆಮೇಲೆ ಜಗತ್ತಲ್ಲಿ ಎಲ್ಲೂ ಇಲ್ಲ."

*

ತಂಗಿಯ ಮದುವೆಯ ದಿನ ಊಟ ಮುಗಿದು, ಮೇಜು ಒರೆಸುವ ಹೊತ್ತಿಗೆ ಅಕ್ಕ ಬಂದಿದ್ದಳು. ತಲೆ ಕೆದರಿತ್ತು. ಮದುಮಗಳು ಮುಖ ಊದಿಸಿಕೊಂಡು ಕೂತಿದ್ದಳು.

"ಸಿಕ್ತು ಕಣೇ," ಎಂದಳು ಅಕ್ಕ.

"ಏನು, ದಾರಿಯಾ?"

ಅಕ್ಕ ಅವಳ ಪಕ್ಕದಲ್ಲೇ ಕುಸಿದು ಕೂತಳು. ಮೆದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಸಂದಿಯಲ್ಲಿ ಒಂದು ಪ್ರೋಟೀನ್ ಇದೆ. ಅದೆಲ್ಲಿದೆಯೆಂದು ತೋರಿಸಬಲ್ಲ ಪ್ರತಿಕಾಯಕ್ಕಾಗಿ ಎರಡು ವರ್ಷದಿಂದ ಹುಡುಕುತ್ತಿದ್ದಳು. ಪ್ರತಿಕಾಯ ತಯಾರಿಸುವ ಇಲಿಯ ಕೋಶವನ್ನು ಸಾವಿಲ್ಲದ ಕ್ಯಾನ್ಸರ್ ಕೋಶದೊಂದಿಗೆ ಬೆಸೆದು, ಸಾಲುಸಾಲಾಗಿ ಬೆಳೆಸಿ, ಸೋಸಿ ಸೋಸಿ, ಕೊನೆಗೆ ಒಂದೇ ಒಂದು ಸಂತತಿ ಗೆದ್ದಿತ್ತು.

"ನಿನ್ನ ಗುಂಡುಪಿನ್ನಿನ ಹಾಗೆ, ಹೋಗಿ ಅದಕ್ಕೇ ಚುಚ್ಚಿಕೊಳ್ಳುತ್ತೆ. ಪಕ್ಕದ್ದನ್ನ ಕಣ್ಣೆತ್ತಿಯೂ ನೋಡಲ್ಲ. ಬಿಡು ಅಂದ್ರೆ ಬಿಡಲ್ಲ. ಅದಕ್ಕೇ ನಿನ್ನ ಹೆಸರಿಟ್ಟೆ. ಮೊಂಡಿ."

"ನನ್ನ ಮದುವೆ ದಿನ ನನ್ನ ಹೆಸರನ್ನ ಇಲಿಗಿಟ್ಯಾ?"

ಸಿಟ್ಟಿನಲ್ಲೇ ಶುರುವಾದ ಮಾತು ನಗುವಿನಲ್ಲಿ ಮುರಿಯಿತು. ತಂಗಿ ಒಳಗೆ ಹೋಗಿ, ತೆಗೆದಿರಿಸಿದ್ದ ಊಟ ತಂದು ಅಕ್ಕನ ಮುಂದಿಟ್ಟಳು. ಮುಂದೆ ಎಷ್ಟೋ ದೇಶಗಳಿಂದ ಮೊಂಡಿಗಾಗಿ ಕೋರಿಕೆಗಳು ಬಂದವು. ಅಕ್ಕ ಪ್ರತಿಕಾಯವನ್ನಷ್ಟೇ ಕಳಿಸಿದಳು, ಕೋಶಗಳನ್ನು ಯಾರಿಗೂ ಕೊಡಲಿಲ್ಲ. ಅಕ್ಕ ಹಬ್ಬವೆನ್ನದೆ ಭಾನುವಾರವೆನ್ನದೆ ಹೋಗಿ ಅದಕ್ಕೆ ಉಣಿಸಿ ಬರುತ್ತಿದ್ದಳು.

*

"ಹೆಣ ಮನೇಲಿಟ್ಕೊಂಡು ಕೆಲಸಕ್ಕೆ ಹೋಗ್ತಾರಂತಾ?" ಎಂದರು ಸೋದರತ್ತೆ. "ಹೊರೋರು ಯಾರು? ನೋಡಿದವರು ಏನಂದುಕೊಳ್ಳಲ್ಲ?"

ಭಾವ ಬೆಳಗಿನಿಂದ ಮೊದಲ ಸಲ ಬೇರೆ ಮಾತಾಡಿದರು. "ಮದುವೆಯಾದಾಗಿನಿಂದ ಅವು ನನ್ನ ಸವತಿ ಮಕ್ಕಳು, ಅತ್ತೆ. ಇವತ್ತು ಉಪವಾಸ ಕೆಡವಿದ್ರೆ ಇವಳು ಎದ್ದು ಕೂತು ಬೈತಾಳೆ." ಆಮೇಲೆ ತಂಗಿಯ ಕಡೆ ತಿರುಗಿದರು. "ನೀನೂ ಹೋಗಮ್ಮ. ಇವನೊಬ್ಬನೇ ಹೋದ್ರೆ ಕೈ ನಡುಗುತ್ತೆ. ಇವಳನ್ನ ಒಯ್ಯೋ ಗಾಡಿ ಬರೋದ್ರೊಳಗೆ ಬನ್ನಿ. ಅಲ್ಲಿವರೆಗೂ ನಾನಿರ್ತೀನಿ."

ಕೋಟನ್ನು ಅವರ ಮಡಿಲಿಗಿಟ್ಟು ತಂಗಿ ಹೊರಟಳು.

ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಬೆಚ್ಚನೆಯ ಪೆಟ್ಟಿಗೆಯಿಂದ ಅವನು ಚಪ್ಪಟೆ ಬಾಟಲಿ ತೆಗೆದ. ಗುಲಾಬಿ ಇರಬೇಕಾದ ದ್ರವ ಹಳದಿಗೆ ತಿರುಗಿತ್ತು. ಅವನು ಅದನ್ನು ಬೆಳಕಿಗೆ ಹಿಡಿದ.

"ಹೋಯ್ತಾ?" ಎಂದಳು ತಂಗಿ.

"ಹಸಿದಿವೆ. ಎಷ್ಟು ಬದುಕಿವೆಯೋ ನೋಡಬೇಕು."

ಬಾಟಲಿ ಹಿಡಿದ ಕೈ ನಿಜಕ್ಕೂ ನಡುಗುತ್ತಿತ್ತು. ತಂಗಿ ಅವನ ಮೊಣಕೈ ಕೆಳಗೆ ತನ್ನ ಅಂಗೈ ಕೊಟ್ಟಳು. "ನಿಧಾನ. ರೇಷ್ಮೆ ಕತ್ತರಿಸುವಾಗ ಉಸಿರು ಬಿಟ್ಟು ಕತ್ತರಿ ಹಾಕ್ತೀವಿ ನಾವು. ಉಸಿರು ಬಿಡು."

ಅವನು ಉಸಿರು ಬಿಟ್ಟ. ಯಂತ್ರದಲ್ಲಿ ಗಿರಗಿರ ತಿರುಗಿಸಿ, ತಳಕ್ಕೆ ಕೂತ ಕೋಶಗಳನ್ನು ಉಳಿಸಿಕೊಂಡು, ಹಳೆಯದನ್ನು ಚೆಲ್ಲಿ ಹೊಸ ದ್ರವಕ್ಕೆ ಬಿಟ್ಟ. ಸೂಕ್ಷ್ಮದರ್ಶಕದ ಮೇಲೆ ಬಾಗಿದವನು ಬಹಳ ಹೊತ್ತು ಏಳಲೇ ಇಲ್ಲ. ಎದ್ದಾಗ ಕನ್ನಡಕ ಒದ್ದೆಯಾಗಿತ್ತು.

"ಅರ್ಧ ಸತ್ತಿವೆ. ಅರ್ಧ ಸಾಕು, ಅಮ್ಮ. ಬೇಕಾದಷ್ಟಾಯ್ತು." ಬಾಟಲಿಯನ್ನು ಅಲ್ಲೇ ಬಿಟ್ಟು ಅವನು ಪಕ್ಕಕ್ಕೆ ಸರಿದ. "ನೋಡ್ತೀರಾ?"

ಇಷ್ಟು ವರ್ಷ ಅಕ್ಕ ಕರೆದಿದ್ದಳು. ಅಂಗಡಿಯ ಕೆಲಸ, ಮಕ್ಕಳ ಪರೀಕ್ಷೆ ಎಂದು ತಂಗಿ ಬಂದಿರಲಿಲ್ಲ. ಈಗ ಒಂದು ಕಣ್ಣು ಮುಚ್ಚಿ ಬಾಗಿದಳು. ಮೊದಲು ಬರೀ ಮಂಜು. ಅವನು ತಿರುಪು ತಿರುಗಿಸಿದಂತೆ ಮಂಜು ಸರಿದು, ಸೋಪಿನ ಗುಳ್ಳೆಗಳಂಥ ದುಂಡನೆಯ ಹೊಳಪುಗಳು ಕಂಡವು. ಕೆಲವು ಕಂದಿ ಮುದುಡಿದ್ದವು.

ಅವನ ಫೋನ್ ಬಡಿದುಕೊಂಡಿತು. "ಗಾಡಿ ಬಂತಂತೆ," ಎಂದು ಬೀಗದ ಕೈ ತೆಗೆದುಕೊಂಡ. "ಹೊರಡೋಣ್ವಾ?"

ತಂಗಿ ಕಣ್ಣು ತೆಗೆಯದೆ ಕೈ ಎತ್ತಿ ತಡೆದಳು.

ಅಂಚಿನಲ್ಲಿದ್ದ ಒಂದು ಕೋಶ ಎರಡಾಗುತ್ತಿತ್ತು. ನಡು ಸೊರಗಿ, ಎರಡು ಬದಿ ದುಂಡಗಾಗಿ, ಒಂದನ್ನೊಂದು ಎಳೆದಾಡುತ್ತ, ನಡುವೆ ನೂಲಿನೆಳೆಯಷ್ಟು ಉಳಿದಿತ್ತು.

"ಒಂದು ನಿಮಿಷ ಇರಪ್ಪಾ," ಎಂದಳು. "ಇನ್ನೂ ಬಿಟ್ಟಿಲ್ಲ."